ಮಾತು ಕಳಚಿದ ಮೇಲೆ ಅದು ಗಿರಣಿಯ ಹಾಡಾಗಿಯೇ ಉಳಿಯುತ್ತದೆಯೇ?

ನೂಲಿನೆಳೆ (ಶನಿವಾರ ರಾತ್ರಿ)

ಪಾಶ್ಚಾತ್ಯ ಸಂಗೀತದ ಪಾಠ ನನಗೆ ಆಗಿಲ್ಲ. ಆದರೂ ಹತ್ತು ದಿನಗಳಿಂದ ಒಂದು ಪಿಯಾನೊ ಕೃತಿ ತಲೆಯಿಂದ ಇಳಿಯುತ್ತಿಲ್ಲ. ಬಲ್ಲವರು ತಿಳಿಸಿಕೊಡುತ್ತೀರೆಂದು ಇಲ್ಲಿ ಬರೆಯುತ್ತಿದ್ದೇನೆ.

ಕೃತಿಯ ಹೆಸರು ‘ವಿನ್ಸ್‌ಬರೊ ಕಾಟನ್ ಮಿಲ್ ಬ್ಲೂಸ್’. ರಚಿಸಿದವರು ಅಮೆರಿಕದ ಫ್ರೆಡೆರಿಕ್ ಝೆಫ್‌ಸ್ಕಿ. 1978–79ರಲ್ಲಿ ಅವರು ಬರೆದ ‘ನಾರ್ತ್ ಅಮೆರಿಕನ್ ಬ್ಯಾಲಡ್ಸ್’ ಎಂಬ ನಾಲ್ಕು ಪಿಯಾನೊ ಕೃತಿಗಳಲ್ಲಿ ಇದು ಕೊನೆಯದು. ದಕ್ಷಿಣ ಕೆರೊಲಿನಾದ ಹತ್ತಿ ಗಿರಣಿಯ ಕೆಲಸಗಾರರ ಹಾಡೊಂದರ ಧಾಟಿಯನ್ನು ಎತ್ತಿಕೊಂಡು ಬೆಳೆಸಿದ್ದಾರೆ ಎಂಬುದನ್ನು ಆಮೇಲೆ ಓದಿ ತಿಳಿದೆ. ಮೊದಲ ಸಲ ಕೇಳಿದಾಗ ಹೆಸರನ್ನೂ ಸರಿಯಾಗಿ ನೋಡಿರಲಿಲ್ಲ. ಪಿಯಾನೊದ ತೀರಾ ತಗ್ಗಿನ ಸ್ವರಗಳಲ್ಲಿ ಏನೋ ಗುರುಗುಟ್ಟಲು ಶುರುವಾಯಿತು. ರಾಗ ಎನ್ನಿಸಿಕೊಳ್ಳುವಂಥದ್ದು ಒಂದೂ ಇಲ್ಲ. ಒಂದೇ ಸಮನೆ, ಎಡಬಲ ಎಡಬಲ. ಬರಬರುತ್ತ ದಪ್ಪವಾಗುತ್ತ ಹೋಯಿತು. ನಾನು ಹಾಸಿಗೆಯಿಂದ ಎದ್ದು ಕುಳಿತೆ.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಅಮ್ಮ ಹತ್ತಿ ಗಿರಣಿಯೊಂದರ ವೈಂಡಿಂಗ್ (ನೂಲು ಸುತ್ತುವ) ವಿಭಾಗದಲ್ಲಿ ಹದಿನಾಲ್ಕು ವರ್ಷ ದುಡಿದವಳು. ಪ್ರೈಮರಿ ಶಾಲೆಯ ದಿನಗಳಲ್ಲಿ ಮಧ್ಯಾಹ್ನದ ಬುತ್ತಿ ಒಯ್ಯುವುದು ನನ್ನ ಪಾಲಿನ ಕೆಲಸ. ಗೇಟಿನ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಒಳಗಿನ ಸದ್ದು ಕಿವಿಗೆ ಬರುವ ಮೊದಲೇ ಬೆನ್ನುಮೂಳೆಗೆ ಬರುತ್ತಿತ್ತು. ಈ ಪಿಯಾನೊ ಅದೇ ಗೋಡೆ.

ನನ್ನ ಪ್ರಶ್ನೆ ಇಷ್ಟೇ. ಆ ಹಾಡಿಗೆ ಮಾತುಗಳಿದ್ದವು. ಮೇಸ್ತ್ರಿಯ ಮೇಲೆ, ದಣಿಗಳ ಮೇಲೆ ಸಿಟ್ಟಿತ್ತು. ಪಿಯಾನೊದಲ್ಲಿ ಮಾತು ಒಂದೂ ಇಲ್ಲ. ಮಾತು ಕಳಚಿ, ಧಾಟಿಯನ್ನು ಮಾತ್ರ ಉಳಿಸಿಕೊಂಡು, ಅದನ್ನು ಹತ್ತಾರು ಬಗೆಯಲ್ಲಿ ತಿರುಗಿಸಿ, ಸೂಟು ತೊಟ್ಟವರು ಸಭಾಂಗಣದಲ್ಲಿ ನುಡಿಸಿದರೆ ಅದು ಕೆಲಸಗಾರರ ಹಾಡಾಗಿ ಉಳಿಯುತ್ತದೆಯೇ?

ಓದುಗ ಒಬ್ಬ

ಕೊಂಡಿಗಾಗಿ ಕಾಯದೆ ನಾನೇ ಹುಡುಕಿ ಕೇಳಿದೆ. ಹತ್ತು ನಿಮಿಷ ಕದಲಲಿಲ್ಲ.

ಹಳೆಯ ತಟ್ಟೆ

ನೂಲಿನೆಳೆಯವರೇ, ಒಳ್ಳೆಯ ಪ್ರಶ್ನೆ. ಅದಕ್ಕೆ ನೂರೈವತ್ತು ವರ್ಷಗಳ ಹಿನ್ನೆಲೆಯಿದೆ. ಸ್ವಲ್ಪ ಹಿಂದಿನಿಂದ ಬರುತ್ತೇನೆ, ತಾಳ್ಮೆಯಿರಲಿ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ, ಜನರ ಬಾಯಲ್ಲಿದ್ದ ಧಾಟಿಯನ್ನು ಹಿಡಿದು ಪಿಯಾನೊದಲ್ಲಿ ವೇರಿಯೇಷನ್ (ಅದೇ ಧಾಟಿಯನ್ನು ಬೇರೆ ಬೇರೆ ರೂಪದಲ್ಲಿ ಬದಲಿಸಿ ನುಡಿಸುವುದು) ಮಾಡುವುದು ಸಂಗೀತಗಾರರ ಅನ್ನದ ದಾರಿ. ಯುರೋಪಿನಿಂದ ಹಡಗು ಹತ್ತಿ ಬಂದವರಿಗೂ ಅಷ್ಟೇ, ಅಲ್ಲಿಯೇ ಹುಟ್ಟಿದವರಿಗೂ ಅಷ್ಟೇ. ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ಲೂಯಿ ಮೊರೊ ಗಾಟ್‌ಷಾಕ್ ಪಿಯಾನೊದಿಂದಲೇ ಬ್ಯಾಂಜೊ ವಾದ್ಯದ ಮೀಟು ಹೊರಡಿಸಿದ. ಅಂತರ್ಯುದ್ಧದ ನಡುವೆ, 1862ರಲ್ಲಿ, ‘ಯೂನಿಯನ್’ ಎಂಬ ಕೃತಿಯಲ್ಲಿ ‘ಯಾಂಕಿ ಡೂಡಲ್’ ಮತ್ತು ‘ಹೇಲ್ ಕೊಲಂಬಿಯಾ’ ಧಾಟಿಗಳನ್ನು ಒಂದರ ಮೇಲೊಂದು ಹೊಂದಿಸಿ ನುಡಿಸಿದ.

ಆದರೆ ನಿಮ್ಮ ಪ್ರಶ್ನೆಗೆ ಹತ್ತಿರದ ಕಥೆ ಆಂಟನ್ ರೂಬಿನ್‌ಸ್ಟೈನ್‌ನದು. ರಷ್ಯಾದ ಈ ಮಹಾ ಪಿಯಾನೊ ವಾದಕ 1872ರ ಶರತ್ಕಾಲದಲ್ಲಿ ಅಮೆರಿಕಕ್ಕೆ ಬಂದ. ಎಂಟು ತಿಂಗಳಲ್ಲಿ 215 ಕಛೇರಿ. ಅಂದರೆ ಹೆಚ್ಚುಕಡಿಮೆ ದಿನಕ್ಕೊಂದು, ನಡುವೆ ರೈಲಿನ ಪ್ರಯಾಣ. ಹೀಗೆ ದುಡಿಸಿಕೊಂಡರೆ ಕಲೆ ಉಳಿಯುವುದಿಲ್ಲ, ಮನುಷ್ಯ ಯಂತ್ರವಾಗಿಬಿಡುತ್ತಾನೆ ಎಂದು ಅವನು ಮುಂದೆ ಬರೆದುಕೊಂಡ. ಅಷ್ಟು ದಣಿದವನು 1873ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬೀಳ್ಕೊಡುಗೆ ಕಛೇರಿಗೆ ಸಿದ್ಧಪಡಿಸಿದ್ದು ಏನನ್ನು? ‘ಯಾಂಕಿ ಡೂಡಲ್’ ಧಾಟಿಯ ಮೇಲೆ ಉದ್ದನೆಯ ವೇರಿಯೇಷನ್‌ಗಳನ್ನು. ಅಲ್ಲಿನ ಬೀದಿಮಕ್ಕಳಿಗೂ ಬರುವ ಹಾಡು ಅದು.

ಈಗ ಆ ಧಾಟಿಯ ಹಣೆಬರಹ ನೋಡಿ. ಅಮೆರಿಕದ ವಸಾಹತುಗಳ ಹಳ್ಳಿಗಾಡಿನ ಸಿಪಾಯಿಗಳನ್ನು ಹೀಯಾಳಿಸಲು ಬ್ರಿಟಿಷ್ ಸೈನಿಕರು ಹಾಡುತ್ತಿದ್ದ ಹಾಡು ಅದು. ಸ್ವಾತಂತ್ರ್ಯ ಯುದ್ಧದಲ್ಲಿ ಹೀಯಾಳಿಕೆಗೆ ಒಳಗಾದವರೇ ಅದನ್ನು ಕಿತ್ತುಕೊಂಡು ತಮ್ಮ ಗೆಲುವಿನ ಹಾಡಾಗಿಸಿಕೊಂಡರು. ಧಾಟಿಯ ಒಂದು ಸ್ವರವೂ ಬದಲಾಗಲಿಲ್ಲ. ಹಾಡುವವರು ಬದಲಾದರು, ಅರ್ಥ ತಲೆಕೆಳಗಾಯಿತು. ಹಾಗಾಗಿ ನನ್ನ ಮಟ್ಟಿಗೆ ಅರ್ಥವು ಮಾತಿನಲ್ಲಿ ಮಾತ್ರ ಕೂತಿರುವುದಿಲ್ಲ. ಯಾರು, ಯಾರ ಎದುರು, ಯಾವಾಗ ನುಡಿಸುತ್ತಾರೆ ಎಂಬುದರಲ್ಲೂ ಇರುತ್ತದೆ.

ತಂಬೂರಿ ತಂತಿ

ನಾನು ಕರ್ನಾಟಕ ಸಂಗೀತ ಹಾಡುವವಳು, ಕಲಿಸುವವಳು. ಹಳೆಯ ತಟ್ಟೆಯವರ ಮಾತನ್ನು ಪೂರ್ತಿ ಒಪ್ಪಲಾರೆ.

ನಮ್ಮಲ್ಲಿ ವೀಣೆಯಲ್ಲೋ ಕೊಳಲಿನಲ್ಲೋ ಕೀರ್ತನೆ ನುಡಿಸುತ್ತಾರೆ, ಸಾಹಿತ್ಯ ಕೇಳಿಸುವುದಿಲ್ಲ. ಆದರೆ ಕೇಳುವವರ ನಾಲಿಗೆಯ ಮೇಲೆ ಸಾಹಿತ್ಯ ಓಡುತ್ತಿರುತ್ತದೆ. ವಾದಕರೂ ಮಾತಿನ ಒತ್ತು, ಉಸಿರಿನ ನಿಲುಗಡೆ ನೋಡಿಯೇ ಮೀಟುತ್ತಾರೆ. ಸಾಹಿತ್ಯ ಗೊತ್ತಿಲ್ಲದವರಿಗೆ ಅದು ಬರಿಯ ರಾಗ. ಝೆಫ್‌ಸ್ಕಿಯವರ ಕೃತಿ ಬರ್ಲಿನ್ನಿನಲ್ಲೋ ಟೋಕಿಯೋದಲ್ಲೋ ನುಡಿದರೆ ಎದುರು ಕುಳಿತವರಲ್ಲಿ ಎಷ್ಟು ಮಂದಿಗೆ ಆ ಗಿರಣಿ ಹಾಡಿನ ಮಾತು ಗೊತ್ತಿರುತ್ತದೆ? ಅವರು ಕೇಳುವುದು ಪಿಯಾನೊದ ಚಮತ್ಕಾರವನ್ನು.

ನಾನೂ ಆ ನಾಲ್ಕನ್ನು ಕೇಳಿದೆ. ಎರಡನೆಯದು, ‘ವಿಚ್ ಸೈಡ್ ಆರ್ ಯೂ ಆನ್?’, ನನ್ನನ್ನು ಹಿಡಿದು ನಿಲ್ಲಿಸಿತು. ಅದರ ಬಗ್ಗೆ ಬಲ್ಲವರು ಬರೆದರೆ ನನ್ನ ಅಭಿಪ್ರಾಯ ತಿದ್ದಿಕೊಳ್ಳಲು ಸಿದ್ಧಳಿದ್ದೇನೆ.

ಕರಿಮನೆ ಬಿಳಿಮನೆ

ಮೈಸೂರಿನಲ್ಲಿ ಮಕ್ಕಳಿಗೆ ಪಿಯಾನೊ ಕಲಿಸುತ್ತೇನೆ. ಈ ನಾಲ್ಕರಲ್ಲಿ ಎರಡನ್ನು ವರ್ಷಗಟ್ಟಲೆ ಕುಳಿತು ಕೈಗೆ ಹತ್ತಿಸಿಕೊಂಡಿದ್ದೇನೆ, ಆದ್ದರಿಂದ ಒಳಗಿನಿಂದ ಹೇಳಬಲ್ಲೆ.

ಮೊದಲು ‘ವಿಚ್ ಸೈಡ್’. 1931ರಲ್ಲಿ ಕೆಂಟಕಿಯ ಹಾರ್ಲನ್ ಕೌಂಟಿಯಲ್ಲಿ ಕಲ್ಲಿದ್ದಲು ಗಣಿಗಳ ಮುಷ್ಕರ. ಫ್ಲಾರೆನ್ಸ್ ರೀಸ್ ಎಂಬ ಹೆಣ್ಣುಮಗಳ ಗಂಡ ಸ್ಯಾಮ್ ಗಣಿ ಕಾರ್ಮಿಕರ ಸಂಘಟಕ. ಅವನನ್ನು ಹುಡುಕಿಕೊಂಡು ಶೆರಿಫ್‌ನ ಜನ ಮನೆಗೆ ನುಗ್ಗಿದರು. ಮನೆಯಲ್ಲಿದ್ದದ್ದು ಆಕೆ ಮತ್ತು ಮಕ್ಕಳು. ಅವರು ಹೋದ ಮೇಲೆ ಆಕೆ ಗೋಡೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ಅದರ ಮೇಲೆ ಹಾಡು ಬರೆದಳು. ನೀನು ಯಾರ ಕಡೆ ಎಂಬ ಒಂದೇ ಪ್ರಶ್ನೆ ಅದರ ಪಲ್ಲವಿ. ಧಾಟಿ ಹೊಸದಲ್ಲ, ಚರ್ಚಿನಲ್ಲಿ ಹಾಡುತ್ತಿದ್ದ ಹಳೆಯದನ್ನೇ ಎತ್ತಿಕೊಂಡಳು.

ಝೆಫ್‌ಸ್ಕಿ ಇದನ್ನು ಏನು ಮಾಡಿದರು? ಹದಿನೆಂಟನೆಯ ಶತಮಾನದ ಜರ್ಮನ್ ಸಂಗೀತಗಾರ ಬಾಖ್ ಚರ್ಚಿನ ಹಾಡುಗಳನ್ನು ಆರ್ಗನ್ನಿಗೆ ಅಳವಡಿಸುವಾಗ ಬಳಸಿದ ವಿಧಾನವೇ ತಮಗೆ ಮಾದರಿ ಎಂದು ಅವರೇ ಹೇಳಿಕೊಂಡಿದ್ದಾರೆ. ಅಂದರೆ ಧಾಟಿ ಒಂದು ಕಡೆ, ಅಲಂಕಾರ ಇನ್ನೊಂದು ಕಡೆ ಅಲ್ಲ. ಸುತ್ತ ಕೇಳುವ ಪ್ರತಿಯೊಂದು ಎಳೆಯೂ ಧಾಟಿಯ ತುಂಡೇ. ಎಡಗೈ ಅದೇ ಸಾಲನ್ನು ನಿಧಾನವಾಗಿ ಹೇಳುತ್ತಿದ್ದರೆ ಬಲಗೈ ಅದನ್ನೇ ಬೇಗಬೇಗ ಬೇರೊಂದು ಶ್ರುತಿಯಲ್ಲಿ ಹೇಳುತ್ತದೆ. ಒಂದು ಮುಗಿಯುವ ಮುನ್ನ ಇನ್ನೊಂದು ಬಾಯಿ ಹಾಕುತ್ತದೆ. ಅಭ್ಯಾಸ ಮಾಡುವಾಗ ನನಗೆ ಬೀದಿಯ ಕೂಡುರಸ್ತೆಯಲ್ಲಿ ಹತ್ತು ಜನ ಒಟ್ಟಿಗೆ ಅದೇ ಪ್ರಶ್ನೆ ಕೂಗಿ ಕೇಳುತ್ತಿರುವಂತೆ ಅನ್ನಿಸುತ್ತಿತ್ತು. ಮಾತಿಲ್ಲ ನಿಜ. ಆದರೆ ಒತ್ತಾಯವಿದೆ.

ತಂಬೂರಿ ತಂತಿಯವರಿಗೆ ಇನ್ನೊಂದು ವಿಷಯ. ಆ ಕೃತಿಯ ಸ್ವರಲಿಪಿ ಒಂದು ಘಟ್ಟಕ್ಕೆ ಬಂದಾಗ ವಾದಕರಿಗೆ ಸ್ವಾತಂತ್ರ್ಯ ಕೊಡುತ್ತದೆ: ಇಷ್ಟವಿದ್ದರೆ ಇಲ್ಲಿ ಮನೋಧರ್ಮದಿಂದ ನುಡಿಸಬಹುದು, ನುಡಿಸುವುದಾದರೆ ಬರೆದಿರುವ ಭಾಗದಷ್ಟಾದರೂ ಉದ್ದವಿರಲಿ. ಬರೆದ ಸಂಗೀತ ಅರ್ಧ, ನಿಮ್ಮದು ಅರ್ಧ. ನೀನು ಯಾರ ಕಡೆ ಎಂಬ ಪ್ರಶ್ನೆ ಆಗ ನೇರವಾಗಿ ನುಡಿಸುವವರ ಕೈಗೆ ಬಂದು ಬೀಳುತ್ತದೆ. ಮೊದಲ ಸಲ ಆ ಜಾಗಕ್ಕೆ ಬಂದಾಗ ನನ್ನ ಕೈ ಹೆಪ್ಪುಗಟ್ಟಿತ್ತು. ನಾನು ಬರೆದದ್ದನ್ನು ಮಾತ್ರ ನುಡಿಸಿ ಬೆಳೆದವಳು.

ತಂಬೂರಿ ತಂತಿ

ಬರೆದದ್ದು ಅರ್ಧ, ಮನೋಧರ್ಮ ಅರ್ಧ! ಇದು ನನಗೆ ಗೊತ್ತಿರಲಿಲ್ಲ. ಮತ್ತೆ ಕೇಳುತ್ತೇನೆ. ಹಾಗಾದರೆ ಇದನ್ನು ನಮ್ಮ ನೆರವಲ್ ಪಕ್ಕದಲ್ಲಿಟ್ಟು ಯೋಚಿಸಬಹುದು. ನೆರವಲ್‌ನಲ್ಲಿ ಸಾಹಿತ್ಯದ ಒಂದು ಸಾಲು ಕದಲುವುದಿಲ್ಲ, ಅದರ ಸುತ್ತ ರಾಗ ಅರಳುತ್ತದೆ. ಇಲ್ಲಿ ಕದಲದೆ ನಿಂತಿರುವುದು ಯಾವುದು ಎಂಬುದು ನನ್ನ ಪ್ರಶ್ನೆ. ಧಾಟಿಯನ್ನೂ ತುಂಡರಿಸುತ್ತಾರೆ, ಶ್ರುತಿಯನ್ನೂ ಬದಲಿಸುತ್ತಾರೆ.

ಕರಿಮನೆ ಬಿಳಿಮನೆ

ಲಯದ ಹಲ್ಲು. ‘ವಿಚ್ ಸೈಡ್ ಆರ್ ಯೂ ಆನ್’ ಎನ್ನುವಾಗ ಮಾತಿಗೆ ಬೀಳುವ ಒತ್ತು ಇದೆಯಲ್ಲ, ಅದು. ಧಾಟಿಯ ಸ್ವರಗಳನ್ನು ಎಷ್ಟು ಹಿಗ್ಗಿಸಿದರೂ ಆ ಕಚ್ಚು ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ. ನಿಮ್ಮ ವೀಣೆಯ ವಾದಕರು ಮಾತಿನ ಒತ್ತು ನೋಡಿ ಮೀಟುತ್ತಾರೆ ಎಂದಿರಲ್ಲ, ಅದೇ ಸಂಗತಿ.

ಓದುಗ ಒಬ್ಬ

ವೇರಿಯೇಷನ್ ಎಂಬುದಕ್ಕೆ ‘ಸಂಗತಿ’ ಎಂದೇ ಅನ್ನಬಹುದಲ್ಲವೇ? ನಮ್ಮಲ್ಲಿ ಇರುವ ಪದ.

ತಂಬೂರಿ ತಂತಿ

ಹತ್ತಿರದ ಪದ, ಆದರೆ ಪೂರ್ತಿ ಹೊಂದುವುದಿಲ್ಲ. ಸಂಗತಿಗಳು ಒಂದು ಸಾಲಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆದು ಮತ್ತೆ ಮುಂದಿನ ಸಾಲಿಗೆ ದಾರಿ ಬಿಡುತ್ತವೆ. ಇವರ ವೇರಿಯೇಷನ್‌ನಲ್ಲಿ ಇಡೀ ಹಾಡೇ ಪ್ರತಿ ಸಲವೂ ಬೇರೆ ವೇಷ ತೊಟ್ಟು ಬರಬಹುದು. ಆದರೂ ‘ವೈವಿಧ್ಯ’, ‘ರೂಪಾಂತರ’ ಎನ್ನುವುದಕ್ಕಿಂತ ಸಂಗತಿ ಎನ್ನುವುದು ನನಗೆ ಇಷ್ಟ.

ಕಡಲಾಚೆ

ಈ ಚರ್ಚೆ ನೋಡಿ ಮೈ ಜುಮ್ಮೆಂದಿತು. ನಾನು ಇರುವುದು ದಕ್ಷಿಣ ಕೆರೊಲಿನಾದ ರಾಜಧಾನಿ ಕೊಲಂಬಿಯಾದಲ್ಲಿ. ವಿನ್ಸ್‌ಬರೊ ಇಲ್ಲಿಂದ ಉತ್ತರಕ್ಕೆ ಕಾರಿನಲ್ಲಿ ಒಂದು ತಾಸೂ ಆಗದ ದಾರಿ. ಸಣ್ಣ ಊರು, ಕೆಂಪು ಮಣ್ಣು. ನಮ್ಮ ಕಡೆಯ ಹೊಲದ ಬದುವಿನಲ್ಲಿ ನಿಂತಂತೆಯೇ ಆಗುತ್ತದೆ. ಊರ ನಡುವೆ ಹಳೆಯ ಗಡಿಯಾರದ ಗೋಪುರವಿದೆ.

ಈ ಭಾಗದ ಗಿರಣಿ ಊರುಗಳ ರೀತಿ ಹೀಗಿತ್ತು: ಕಂಪನಿಯ ಗಿರಣಿ, ಕಂಪನಿಯ ಮನೆ, ಎಷ್ಟೋ ಕಡೆ ಕಂಪನಿಯದೇ ಅಂಗಡಿ. ಕೆಲಸ ಹೋದರೆ ಸೂರೂ ಹೋಯಿತು. 1920ರ ದಶಕದ ಕೊನೆಗೆ ‘ಸ್ಟ್ರೆಚ್ ಔಟ್’ ಎಂಬ ಪದ್ಧತಿ ಬಂತು. ಒಬ್ಬರು ನೋಡಿಕೊಳ್ಳಬೇಕಾದ ಯಂತ್ರಗಳ ಸಂಖ್ಯೆ ಏರಿತು, ಕೂಲಿ ಏರಲಿಲ್ಲ. ಇದೆಲ್ಲ ಕಟ್ಟೆಯೊಡೆದದ್ದು 1934ರ ಸೆಪ್ಟೆಂಬರಿನಲ್ಲಿ. ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ ಸುಮಾರು ನಾಲ್ಕು ಲಕ್ಷ ಜವಳಿ ಕಾರ್ಮಿಕರು ಮೂರು ವಾರ ಮುಷ್ಕರ ಹೂಡಿದರು. ನಮ್ಮ ರಾಜ್ಯದ ಹನಿಯಾ ಪಾತ್ ಎಂಬ ಊರಿನಲ್ಲಿ ಸೆಪ್ಟೆಂಬರ್ 6ರಂದು ಗಿರಣಿಯೆದುರು ಗುಂಡು ಹಾರಿ ಏಳು ಮಂದಿ ಸತ್ತರು. ಮುಷ್ಕರ ಸೋತಿತು.

ವಿನ್ಸ್‌ಬರೊ ಹಾಡಿನಲ್ಲಿ ಬೈಯಿಸಿಕೊಳ್ಳುವ ಮೇಲಿನವನು ಎಂಥವನೆಂದರೆ, ಸತ್ತವನ ಕಣ್ಣಿನ ಮೇಲಿಟ್ಟ ನಾಣ್ಯವನ್ನೂ ಎತ್ತಿಕೊಳ್ಳುವವನು. ಕಣ್ಣು ಮುಚ್ಚಿರಲೆಂದು ಹೆಣದ ರೆಪ್ಪೆಯ ಮೇಲೆ ನಾಣ್ಯ ಇಡುವ ವಾಡಿಕೆ ಇಲ್ಲಿತ್ತು. ಹೆಣದ ಮೇಲೆ ಎರಚಿದ ಚಿಲ್ಲರೆ ಆಯುವವನು ಎಂದು ನಮ್ಮ ಊರಲ್ಲಿ ಬೈಯುವುದು ನೆನಪಾಗಿ ಮೊದಲ ಸಲ ಓದಿದಾಗ ತಡೆದು ನಿಂತೆ.

ಇನ್ನೊಂದನ್ನು ಹೇಳದೆ ಬಿಡಲಾರೆ. ಇಲ್ಲಿನ ಗಿರಣಿಗಳ ಯಂತ್ರದ ಕೆಲಸವೆಲ್ಲ ಬಿಳಿಯರಿಗೆ. ಒಂದೇ ಕೋಣೆಯಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ದುಡಿಯಕೂಡದೆಂದು ಈ ರಾಜ್ಯ 1915ರಲ್ಲಿ ಕಾನೂನನ್ನೇ ಮಾಡಿತ್ತು. ಕರಿಯರಿಗೆ ಸಿಗುತ್ತಿದ್ದದ್ದು ಅಂಗಳದಲ್ಲಿ ಹತ್ತಿ ಮೂಟೆ ಹೊರುವ, ಕಸ ಗುಡಿಸುವ ಕೆಲಸ. ಅದೇ ಗೋಡೆಯ ಒಳಗೆ ಬಿಳಿಯ ಕೆಲಸಗಾರರು ತಮ್ಮ ನೋವು ಹೇಳಿಕೊಳ್ಳಲು ಎತ್ತಿಕೊಂಡದ್ದು ಯಾವುದನ್ನು? ಬ್ಲೂಸ್ ಅನ್ನು, ಕರಿಯರ ಹಾಡುಗಾರಿಕೆಯನ್ನು. ಜನರನ್ನು ಒಳಗೆ ಬಿಡದವರು ಅವರ ಹಾಡನ್ನು ಒಳಗೆ ಬಿಟ್ಟುಕೊಂಡರು. ಝೆಫ್‌ಸ್ಕಿಯವರ ಕೃತಿಯಲ್ಲಿ ಯಂತ್ರದ ಸದ್ದಿನ ನಡುವೆ ಆ ನಿಧಾನದ ಬ್ಲೂಸ್ ಎದ್ದು ಬರುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ.

ಹಳೆಯ ತಟ್ಟೆ

ಕಡಲಾಚೆಯವರ ಕೊನೆಯ ಮಾತಿಗೆ ಒಂದು ಹೆಸರು ಸೇರಿಸಬೇಕು: ಥಾಮಸ್ ವಿಗಿನ್ಸ್. ಜನ ಕರೆದದ್ದು ‘ಬ್ಲೈಂಡ್ ಟಾಮ್’ ಎಂದು. 1849ರಲ್ಲಿ ಜಾರ್ಜಿಯಾದಲ್ಲಿ ಗುಲಾಮನಾಗಿ ಹುಟ್ಟಿದವನು, ಹುಟ್ಟುಗುರುಡ. ಒಮ್ಮೆ ಕೇಳಿದ್ದನ್ನು ಪಿಯಾನೊದಲ್ಲಿ ಹಾಗೆಯೇ ನುಡಿಸುತ್ತಿದ್ದ. 1860ರಲ್ಲಿ ಶ್ವೇತಭವನದಲ್ಲಿ ಅಧ್ಯಕ್ಷ ಬ್ಯುಕ್ಯಾನನ್ ಎದುರು ನುಡಿಸಿದಾಗ ಅವನಿನ್ನೂ ಬಾಲಕ. ಕಛೇರಿಗಳಲ್ಲಿ ಅವನ ಹೆಸರಾಂತ ಪ್ರದರ್ಶನವೊಂದಿತ್ತು: ಒಂದು ಕೈಯಲ್ಲಿ ‘ಯಾಂಕಿ ಡೂಡಲ್’, ಇನ್ನೊಂದು ಕೈಯಲ್ಲಿ ಬೇರೊಂದು ಕುಣಿತದ ಧಾಟಿ, ಬಾಯಲ್ಲಿ ಮೂರನೆಯ ಹಾಡು.

ಯಾಂಕಿ ಡೂಡಲ್ ಸ್ವಾತಂತ್ರ್ಯದ ಹಾಡು. ಅದನ್ನು ಎಡಗೈಯಲ್ಲೋ ಬಲಗೈಯಲ್ಲೋ ಹಿಡಿದು ನುಡಿಸುತ್ತಿದ್ದವನಿಗೆ ತನ್ನ ಮೈಯ ಮೇಲೂ ಹಕ್ಕಿರಲಿಲ್ಲ. ಗುಲಾಮಗಿರಿ ರದ್ದಾದ ಮೇಲೂ ಒಡೆಯನ ಮನೆತನದವರು ಪೋಷಕರೆಂಬ ಹೆಸರಿನಲ್ಲಿ ಅವನನ್ನು ಹಿಡಿದಿಟ್ಟುಕೊಂಡರು. ಗಳಿಕೆ ಅವರ ಪಾಲಾಯಿತು. 1908ರಲ್ಲಿ ತೀರಿಕೊಂಡ. ಧಾಟಿಯ ಅರ್ಥ ನುಡಿಸುವವರಿಂದ ಬದಲಾಗುತ್ತದೆ ಎಂದು ಮೇಲೆ ಬರೆದಾಗ ನನ್ನ ಮನಸ್ಸಿನಲ್ಲಿದ್ದವನು ರೂಬಿನ್‌ಸ್ಟೈನ್ ಅಲ್ಲ, ಇವನು.

ಮಲೆಯ ಮಳೆ

ಎಲ್ಲವನ್ನೂ ಓದಿದೆ. ಒಂದು ತಕರಾರು ಇದೆ, ಬೇಸರ ಮಾಡಿಕೊಳ್ಳಬೇಡಿ.

ಯಾರದೋ ನೋವಿನ ಹಾಡನ್ನು ಎತ್ತಿಕೊಂಡು ಕಷ್ಟದ ಪಿಯಾನೊ ಕೃತಿ ಮಾಡಿದರೆ ಲಾಭ ಯಾರಿಗೆ? ವಿನ್ಸ್‌ಬರೊದ ನೂಲುವವಳಿಗಂತೂ ಅಲ್ಲ. ನಮ್ಮ ಅಜ್ಜಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳನ್ನು ಒಬ್ಬರು ಬಂದು ಧ್ವನಿಮುದ್ರಿಸಿಕೊಂಡು ಹೋದರು. ಮುಂದೆ ಅದರ ಧಾಟಿ ವೇದಿಕೆಯ ಮೇಲೆ ತಬಲಾ, ಕೀಬೋರ್ಡ್ ಜೊತೆ ಕೇಳಿಬಂತು. ಅಜ್ಜಿಗೆ ಅದು ತನ್ನ ಪದವೆಂದು ಗುರುತೇ ಸಿಗಲಿಲ್ಲ. ಕಲ್ಲು ತಿರುಗುವ ವೇಗಕ್ಕೆ ಕಟ್ಟಿದ ಪದ ಅದು. ಕಲ್ಲನ್ನು ತೆಗೆದು ಪದವನ್ನು ಮಾತ್ರ ಒಯ್ದರು.

ನೂಲಿನೆಳೆ

ಮಲೆಯ ಮಳೆಯವರೇ, ನಿಮ್ಮ ತಕರಾರು ನನ್ನೊಳಗೂ ಇರುವುದರಿಂದಲೇ ಈ ಪ್ರಶ್ನೆ ಕೇಳಿದ್ದು. ಆದರೆ ನೀವು ಬರೆದದ್ದನ್ನು ಓದುತ್ತಿರುವಾಗ ಒಂದು ಹೊಳೆಯಿತು. ನಿಮ್ಮ ಅಜ್ಜಿಯ ಪದವನ್ನು ಒಯ್ದವರು ಕಲ್ಲನ್ನು ಬಿಟ್ಟು ಹೋದರು. ಝೆಫ್‌ಸ್ಕಿ ಪದವನ್ನು ಬಿಟ್ಟರೂ ಕಲ್ಲನ್ನು ಬಿಟ್ಟಿಲ್ಲ. ಅವರು ಮೊದಲು ಗಿರಣಿಯನ್ನು ತಂದು ನಿಲ್ಲಿಸುತ್ತಾರೆ. ಹಾಡು ಅದರೊಳಗಿನಿಂದ ಆಮೇಲೆ ಬರುತ್ತದೆ.

ಕರಿಮನೆ ಬಿಳಿಮನೆ

ಇದನ್ನೇ ನಾನು ಹೇಳಲು ಹೆಣಗುತ್ತಿದ್ದೆ. ಹಳೆಯ ಶೈಲಿಯ ಸಂಗತಿಗೂ ಇದಕ್ಕೂ ಇರುವ ಅಂತರ ಕೈಗೆ ಹೇಗೆ ತಿಳಿಯುತ್ತದೆ ಎಂದು ಹೇಳುತ್ತೇನೆ.

ಸಿಗಿಸ್ಮಂಡ್ ಥಾಲ್‌ಬರ್ಗ್ ಎಂಬ ವಾದಕ 1856ರಿಂದ ಎರಡು ವರ್ಷ ಅಮೆರಿಕ ಸುತ್ತಿದ. ಅವನ ‘ಹೋಮ್, ಸ್ವೀಟ್ ಹೋಮ್’ ಅಲ್ಲಿನ ಮನೆ ಮನೆಯ ಪಿಯಾನೊ ಮೇಲೆ ಕೂತಿತ್ತು. (ಧಾಟಿ ಇಂಗ್ಲಿಷರ ಬಿಷಪ್‌ನದು, ಮಾತು ಅಮೆರಿಕದ ಪೇನ್‌ನದು.) ಥಾಲ್‌ಬರ್ಗ್‌ನ ಗುಟ್ಟು ಹೆಬ್ಬೆರಳು. ಧಾಟಿಯನ್ನು ಮಣೆಯ ನಡುಭಾಗದಲ್ಲಿ ಎರಡೂ ಹೆಬ್ಬೆರಳುಗಳು ಹಂಚಿಕೊಂಡು ಹಾಡುತ್ತವೆ, ಉಳಿದ ಎಂಟು ಬೆರಳು ಮೇಲೂ ಕೆಳಗೂ ಸ್ವರಗಳ ಜಾಲರಿ ನೇಯುತ್ತವೆ. ಕೇಳುವವರಿಗೆ ಮೂರನೆಯ ಕೈ ಇರುವ ಭ್ರಮೆ. ತುಂಬ ಚೆಂದ, ನಾನು ಮನಸಾರೆ ನುಡಿಸುತ್ತೇನೆ. ಆದರೆ ಅಲ್ಲಿ ಧಾಟಿ ದೇವರಂತೆ ನಡುವೆ ಕುಳಿತಿರುತ್ತದೆ, ಉಳಿದದ್ದು ಹೂವಿನ ಅಲಂಕಾರ. ಅಲಂಕಾರ ತೆಗೆದರೂ ದೇವರು ಅಲ್ಲೇ.

ವಿನ್ಸ್‌ಬರೊದಲ್ಲಿ ಧಾಟಿ ಮೊದಲಿಗೆ ಇಲ್ಲವೇ ಇಲ್ಲ. ತೀರಾ ತಗ್ಗಿನಲ್ಲಿ, ತೀರಾ ಮೆಲ್ಲಗೆ, ಎರಡು ಕೈ ಒಂದರ ನಂತರ ಒಂದು ಸಮಲಯದಲ್ಲಿ ಬಡಿಯುತ್ತವೆ. ಮೊದಲು ಬೆರಳು, ಆಮೇಲೆ ಅಂಗೈ, ಆಮೇಲೆ ಮುಂಗೈ ಪೂರ್ತಿ. ಒಂದು ತೋಳು ಕರಿಮನೆಗಳ ಮೇಲೆ, ಒಂದು ತೋಳು ಬಿಳಿಮನೆಗಳ ಮೇಲೆ. ಭಾವ ತುಂಬಬಾರದು, ಯಂತ್ರದಂತೆ ಇರಬೇಕು. ಪಿಯಾನೊ ಕಲಿತವರಿಗೆ ಇದು ಎಷ್ಟು ಕಷ್ಟವೆಂದರೆ, ಹತ್ತು ವರ್ಷ ನಾವು ಪ್ರತಿಯೊಂದು ಸ್ವರಕ್ಕೂ ಜೀವ ಕೊಡುವುದನ್ನೇ ಕಲಿತಿರುತ್ತೇವೆ. ಇಲ್ಲಿ ಜೀವ ತೆಗೆಯುವುದನ್ನು ಕಲಿಯಬೇಕು. ಹೀಗೆ ಬಡಿದು ಬಡಿದು ಕೈ ಮರಗಟ್ಟುವ ಹೊತ್ತಿಗೆ ಆ ಬ್ಲೂಸ್ ಬರುತ್ತದೆ. ಬೆರಳು ಮತ್ತೆ ಬೆರಳಾಗುತ್ತದೆ. ಆ ಕ್ಷಣದ ನಿರಾಳತೆಯನ್ನು ನಾನು ಅಭಿನಯಿಸಬೇಕಿಲ್ಲ, ಮೈಗೆ ತಾನಾಗಿಯೇ ಬರುತ್ತದೆ. ದಣಿವನ್ನು ಕುರಿತು ಹೇಳುವ ಬದಲು ದಣಿಸಿಯೇ ಹೇಳಿಸುತ್ತಾರೆ.

ಹೆಚ್ಚಿನ ಲಾಭ ಯಾರಿಗೆ ಎಂಬುದಕ್ಕೆ: ಝೆಫ್‌ಸ್ಕಿ ತಮ್ಮ ಅನೇಕ ಸ್ವರಲಿಪಿಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಲಿ ಎಂದು ಅಂತರಜಾಲಕ್ಕೆ ಬಿಟ್ಟವರು. 2015ರಲ್ಲಿ ಪಿಟ್ಸ್‌ಬರ್ಗ್‌ನ ಮೀನು ಮಾರುಕಟ್ಟೆಯೊಂದರಲ್ಲಿ ಪಿಯಾನೊ ಇಡಿಸಿ, ಚಿಲಿ ದೇಶದ ಹೋರಾಟದ ಹಾಡಿನ ಮೇಲೆ ತಾವು ಬರೆದಿದ್ದ 36 ಸಂಗತಿಗಳ ದೊಡ್ಡ ಕೃತಿಯನ್ನು ನುಡಿಸಿದರು. ಆಗ ಅವರಿಗೆ 77 ವರ್ಷ. 2021ರಲ್ಲಿ ಇಟಲಿಯಲ್ಲಿ ತೀರಿಕೊಂಡರು.

ಮಲೆಯ ಮಳೆ

ಮೀನು ಮಾರುಕಟ್ಟೆಯ ವಿಷಯ ಗೊತ್ತಿರಲಿಲ್ಲ. ದಣಿಸಿಯೇ ಹೇಳಿಸುತ್ತಾರೆ ಎಂಬ ಮಾತೂ ಮನಸ್ಸಿಗೆ ಹಿಡಿಸಿತು. ಅಜ್ಜಿಯ ಪದದ ವಿಷಯದಲ್ಲಿ ನನ್ನ ನೋವು ಹಾಗೆಯೇ ಇದೆ. ಈ ಕೃತಿಯ ವಿಷಯದಲ್ಲಿ ತಕರಾರು ಹಿಂತೆಗೆದುಕೊಳ್ಳುತ್ತೇನೆ.

ಓದುಗ ಒಬ್ಬ

ಪಿಯಾನೊ ನಮ್ಮದಲ್ಲ ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಪಿಯಾನೊ ವಾದಕರಾಗಿದ್ದರು. ರಷ್ಯಾದ ಸಂಗೀತ ರಚನಕಾರ ಮೆಟ್ನರ್ ವೃದ್ಧಾಪ್ಯದಲ್ಲಿ ಲಂಡನ್ನಿನಲ್ಲಿ ತಮ್ಮ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚರ್ಟೊವನ್ನು (ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ಕೃತಿ) ಅವರಿಗೆ ಅರ್ಪಿಸಿದ್ದಾರೆ.

ತಂಬೂರಿ ತಂತಿ

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ‘ವಿಚ್ ಸೈಡ್’ ಅನ್ನು ಬೇರೆ ಬೇರೆ ವಾದಕರ ಕೈಯಲ್ಲಿ ಕೇಳಿದೆ. ಮನೋಧರ್ಮದ ಜಾಗದಲ್ಲಿ ಒಬ್ಬರು ಬಿಟ್ಟು ಮುಂದೆ ಹೋದರು, ಒಬ್ಬರು ನಿಂತು ಹತ್ತು ನಿಮಿಷ ಕಾದಾಡಿದರು. ಮಾತು ಗೊತ್ತಿಲ್ಲದವರಿಗೆ ಇದು ಬರಿಯ ಚಮತ್ಕಾರ ಎಂದು ಬರೆದಿದ್ದೆ. ಅದು ತಪ್ಪು. ನೂಲಿನೆಳೆಯವರಿಗೆ ಮಾತು ಗೊತ್ತಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ಆದರೂ ಗೋಡೆಯನ್ನು ಬೆನ್ನಿನಿಂದ ಗುರುತಿಸಿದರು.

ಒಂದು ಕೋರಿಕೆ. ಅಮ್ಮನಿಗೆ ಕೇಳಿಸಿದಿರಾ?

ನೂಲಿನೆಳೆ (ಮುಂದಿನ ಶುಕ್ರವಾರ)

ಕೇಳಿಸಿದೆ. ಊರಿಗೆ ಹೋಗಿದ್ದೆ, ನಿನ್ನೆ ರಾತ್ರಿ ಹಿಂದಿರುಗಿದೆ.

ಹೋಗುವ ಮೊದಲು ಆ ಹಾಡಿನ ಮಾತುಗಳನ್ನು ಓದಿಕೊಂಡಿದ್ದೆ. ಒಂದು ಕಡೆ ಬರುತ್ತದೆ: ಸತ್ತರೆ ನನ್ನನ್ನು ಹೂಳಬೇಡಿ, ನೂಲು ಸುತ್ತುವ ಕೋಣೆಯ ಗೋಡೆಗೆ ತೂಗುಹಾಕಿ, ಕೈಯಲ್ಲಿ ನಾಟರ್ ಇಡಿ, ಸ್ವರ್ಗದಲ್ಲೂ ನೂಲು ಸುತ್ತುತ್ತೇನೆ ಎಂದು. ನಾಟರ್ ಎಂದರೆ ಹರಿದ ಎಳೆಗೆ ಗಂಟು ಹಾಕುವ ಚಿಕ್ಕ ಸಾಧನ. ಅಮ್ಮನ ಬಳಿ ಒಂದಿದೆ! ಗಿರಣಿ ಮುಚ್ಚಿದ ದಿನ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು. ಹೊಲಿಗೆಯ ದಾರದ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಉಗುರು ಕತ್ತರಿಗಿಂತ ಸ್ವಲ್ಪ ದೊಡ್ಡದು, ಎಡಗೈಗೆ ಪಟ್ಟಿಯಿಂದ ಕಟ್ಟಿಕೊಳ್ಳುವುದು. ಎರಡು ಎಳೆ ಜೋಡಿಸಿ ಕೊಕ್ಕಿನ ಮೇಲೆ ಹಾಯಿಸಿ ಹೆಬ್ಬೆರಳಿನಿಂದ ಒತ್ತಿದರೆ ಗಂಟು ಬಿಗಿದು, ಉಳಿದ ತುದಿ ಕತ್ತರಿಸಿ ಬೀಳುತ್ತದೆ. ತಗಡಿನ ಅಂಚು ಹೆಬ್ಬೆರಳು ತಾಗುವ ಕಡೆ ಕನ್ನಡಿಯಂತೆ ಸವೆದಿದೆ.

ಹಾಡಿನ ಮಾತನ್ನು ಕನ್ನಡದಲ್ಲಿ ಹೇಳಿದೆ. “ಸ್ವರ್ಗದಲ್ಲೂ ಅದೇ ಕೆಲಸವೇ? ಯಾವ ಪುಣ್ಯಕ್ಕೆ?” ಎಂದಳು. ಆಮೇಲೆ ಮೊಬೈಲಿಗೆ ಸ್ಪೀಕರ್ ಜೋಡಿಸಿ ಹಾಕಿದೆ.

ಮೊದಲಿಗೆ ಸುಮ್ಮನೆ ಕೂತಿದ್ದಳು. ಸದ್ದು ದಪ್ಪವಾಗುತ್ತಿದ್ದಂತೆ ತಲೆಯಲ್ಲಾಡಿಸಿದಳು. “ಇದು ನಮ್ಮ ವಿಭಾಗದ್ದಲ್ಲ. ಪಕ್ಕದಲ್ಲಿ ನೂಲು ತೆಗೆಯುವ ಕಡೆಯದು. ನಮ್ಮ ಕಡೆಯ ಸದ್ದು ಇಷ್ಟು ದಪ್ಪ ಇರಲಿಲ್ಲ, ಚೂಪಾಗಿತ್ತು” ಎಂದಳು. ಅಷ್ಟು ಖಚಿತವಾಗಿ. ಒಳಗೆ ಮಾತಾಡಿದರೆ ಕೇಳಿಸುತ್ತಿರಲಿಲ್ಲವೆಂದೂ ತುಟಿ ನೋಡಿ, ಕೈಸನ್ನೆ ಮಾಡಿಯೇ ಗೆಳತಿಯರು ಸುಖದುಃಖ ಹಂಚಿಕೊಳ್ಳುತ್ತಿದ್ದರೆಂದೂ ಹೇಳಿದಳು. ಹದಿನಾಲ್ಕು ವರ್ಷ ಪಕ್ಕದಲ್ಲಿ ನಿಂತವರ ಗಂಟಲು ಹೇಗಿದೆ ಎಂದು ಸರಿಯಾಗಿ ಕೇಳಿದ್ದೇ ಊಟದ ಹೊತ್ತಿನಲ್ಲಂತೆ.

ನಿಧಾನದ ಆ ಬ್ಲೂಸ್ ಬಂದಿತು. ಅಮ್ಮ ಕೈಯೆತ್ತಿ ನನ್ನನ್ನು ತಡೆದು, “ಬುತ್ತಿ ಬಿಚ್ಚಿದರು” ಎಂದಳು.

ಯಂತ್ರದ ಸದ್ದು ಮತ್ತೆ ಶುರುವಾದಾಗ ಏನೂ ಹೇಳಲಿಲ್ಲ. ಪೂರ್ತಿ ಮುಗಿದ ಮೇಲೆ ಪರದೆಯ ಮೇಲೆ ನುಡಿಸುತ್ತಿದ್ದವರನ್ನು ಇನ್ನೊಮ್ಮೆ ತೋರಿಸು ಎಂದಳು. ಮುಂಗೈ ಊರಿ ಬಡಿಯುವ ಭಾಗವನ್ನು ಹತ್ತಿರದಿಂದ ನೋಡಿದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಕರಿಮನೆ ಬಿಳಿಮನೆಯವರೇ ಉತ್ತರಿಸಬೇಕು: “ಆ ಹುಡುಗನ ಕೈ ನೋಯುವುದಿಲ್ಲವೇ?”

ಕರಿಮನೆ ಬಿಳಿಮನೆ

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ನೋಯುತ್ತದೆ ಎಂದು ಹೇಳಿ. ಮೊದಲ ವಾರ ಮೊಣಕೈಯ ಕೆಳಗೆ ಕಂದುಗಟ್ಟುತ್ತದೆ, ಕರಿಮನೆಯ ಅಂಚು ಚರ್ಮ ಕೆರೆಯುತ್ತದೆ. ತೋಳಿನಿಂದ ಒತ್ತದೆ ಭುಜದಿಂದ ಭಾರ ಬಿಟ್ಟರೆ ನೋವು ಕಡಿಮೆ ಎಂದು ನಿಧಾನವಾಗಿ ತಿಳಿಯುತ್ತದೆ. ನಾನು ಇದನ್ನು ಅಭ್ಯಾಸ ಮಾಡುವ ದಿನ ಉದ್ದ ತೋಳಿನ ದಪ್ಪ ಹತ್ತಿಯ ರವಿಕೆ ತೊಟ್ಟುಕೊಳ್ಳುತ್ತೇನೆ.